ಚಂದ್ರ ಕೆಳಗಿರಬೇಕೋ, ಪಕ್ಕದಲ್ಲೋ?

ಕಟ್ಟು, ಗಾಜು, ಮೊಳೆ: ಓದುಗರ ಪ್ರಶ್ನೆಗಳಿಗೆ ಸಾಗರದ ಫ್ರೇಮ್ ಅಂಗಡಿಯವರ ಉತ್ತರ

ಹೋದ ತಿಂಗಳು ಮದುವೆ ಆಲ್ಬಮ್ಮಿಗೆ ಹಿಡಿಯುವ ಬೂಷ್ಟಿನ ಬಗ್ಗೆ ಬರೆದಿದ್ದೆ. ನಡುವೆ ಸುಮ್ನೆ ಒಂದು ಸಾಲು ಸೇರಿಸಿದ್ದೆ. ಈಗೀಗ ನಮ್ಮ ಅಂಗಡಿಗೆ ಚಂದ್ರನಿಂದ ಕಾಣುವ ಭೂಮಿಯ ಫೋಟೋ ತಂದು ಕಟ್ಟು ಹಾಕಿಸುವವರು ಜಾಸ್ತಿಯಾಗಿದ್ದಾರೆ ಅಂತ. ಆಲ್ಬಮ್ಮಿನ ಬಗ್ಗೆ ಎರಡು ಪತ್ರ ಬಂದವು. ಈ ಒಂದು ಸಾಲಿಗೆ ಒಂದು ಕಟ್ಟು ಪತ್ರ! ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ನಾನು ಖಗೋಳ ಓದಿದವನಲ್ಲ. ಐವತ್ತು ವರ್ಷದಿಂದ ಫೋಟೋ ಕತ್ತರಿಸಿ, ಗಾಜು ಒರೆಸಿ, ಮೊಳೆ ಹೊಡೆದವನು. ಈ ಒಂದು ಚಿತ್ರದ ಬಗ್ಗೆ ಮಾತ್ರ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಯಾಕೆ ಅಂತ ಮೊದಲ ಉತ್ತರದಲ್ಲೇ ಗೊತ್ತಾಗುತ್ತದೆ.

ಮಗನ ಹುಟ್ಟುಹಬ್ಬಕ್ಕೆ ಚಂದ್ರನ ಅಂಚಿನಲ್ಲಿ ಭೂಮಿ ಹುಟ್ಟುವ ಚಿತ್ರವನ್ನು ಕಟ್ಟು ಹಾಕಿದ್ದೇ ತರಿಸಿದೆ. ಹಿಂದುಗಡೆ ಎರಡು ಬದಿಗೆ ಕೊಂಡಿ ಇದೆ. ಒಂದರಿಂದ ತೂಗಿದರೆ ಚಂದ್ರನ ನೆಲ ಕೆಳಗೆ ಬರುತ್ತದೆ. ಇನ್ನೊಂದರಿಂದ ತೂಗಿದರೆ ಅದು ಬಲಗಡೆ ಗೋಡೆಯ ಹಾಗೆ ನಿಲ್ಲುತ್ತದೆ. ನಮ್ಮ ಯಜಮಾನರು ಮೊದಲನೆಯದು ಸರಿ ಅಂತಾರೆ, ಮಗ ಎರಡನೆಯದು ಅಂತಾನೆ. ಯಾರು ಗೆದ್ದರು?
— ಗೃಹಿಣಿ, ಹುಬ್ಬಳ್ಳಿ

ಇಬ್ಬರೂ ಗೆದ್ದರಮ್ಮ. ಆದರೆ ಮಗ ಸ್ವಲ್ಪ ಜಾಸ್ತಿ ಗೆದ್ದ.

ಈ ಫೋಟೋ ತೆಗೆದದ್ದು 1968ರ ಡಿಸೆಂಬರ್ 24ರಂದು. ಅಪೋಲೋ 8 ನೌಕೆಯಲ್ಲಿ ಮೂರು ಜನ ಇದ್ದರು. ಫ್ರಾಂಕ್ ಬೋರ್ಮನ್, ಜಿಮ್ ಲೊವೆಲ್, ಬಿಲ್ ಆಂಡರ್ಸ್. ಮನುಷ್ಯರು ಚಂದ್ರನನ್ನು ಸುತ್ತಿದ್ದು ಅದೇ ಮೊದಲು. ನೆಲದಿಂದ 110 ಕಿ.ಮೀ. ಎತ್ತರ, ಒಂದು ಸುತ್ತಿಗೆ ಎರಡು ಗಂಟೆ. ಅವರ ಕ್ಯಾಮೆರಾದ ಕೆಲಸ ಏನಿದ್ದರೂ ಚಂದ್ರನ ಗುಂಡಿಗಳನ್ನು ತೆಗೆಯೋದು. ಆ ಹೊತ್ತಿನ ಪಟ್ಟಿಯಲ್ಲಿ ಭೂಮಿಯ ಫೋಟೋ ಇರಲಿಲ್ಲ. ಮೊದಲ ಮೂರು ಸುತ್ತಿನಲ್ಲಿ ಭೂಮಿ ಹುಟ್ಟಿದ್ದನ್ನು ಅವರು ನೋಡಲೂ ಇಲ್ಲ. ಕಿಟಕಿಗಳು ಬೇರೆ ಕಡೆಗೆ ತಿರುಗಿದ್ದವು. ನಾಲ್ಕನೇ ಸುತ್ತಿನಲ್ಲಿ ಬೋರ್ಮನ್ ನೌಕೆಯನ್ನು ಮಗ್ಗುಲು ತಿರುಗಿಸುತ್ತಿದ್ದಾಗ ಪಕ್ಕದ ಕಿಟಕಿಯಲ್ಲಿ ಭೂಮಿ ಕಾಣಿಸಿತು.

ಆಮೇಲಿನದ್ದು ಮದುವೆ ಮನೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ರೋಲ್ ಮುಗಿದ ಫೋಟೋಗ್ರಾಫರನ ಕಥೆ. ಅವರ ಮಾತೆಲ್ಲ ನೌಕೆಯೊಳಗಿನ ಟೇಪಿನಲ್ಲಿ ಉಳಿದಿದೆ. ಆಂಡರ್ಸ್ ಕೂಗುತ್ತಾರೆ. ಅದು ನಮ್ಮ ಪಟ್ಟಿಯಲ್ಲಿಲ್ಲ, ತೆಗೀಬೇಡ ಅಂತ ಬೋರ್ಮನ್ ತಮಾಷೆ ಮಾಡುತ್ತಾರೆ. ಕ್ಯಾಮೆರಾದಲ್ಲಿ ಇದ್ದದ್ದು ಕಪ್ಪು-ಬಿಳುಪು ರೋಲು. ಆಂಡರ್ಸ್ ಅದರಲ್ಲೇ ಒಂದು ತೆಗೆದು, ಬೇಗ ಕಲರ್ ರೋಲ್ ಕೊಡು ಅಂತ ಲೊವೆಲ್‌ಗೆ ಹೇಳುತ್ತಾರೆ. ಲೊವೆಲ್ ಹುಡುಕುತ್ತಾರೆ. ಅಷ್ಟರಲ್ಲಿ ಭೂಮಿ ಆ ಕಿಟಕಿಯಿಂದ ಜಾರಿ ಇನ್ನೊಂದಕ್ಕೆ ಬಂದಿರುತ್ತದೆ. ಲೊವೆಲ್‌ಗೆ ತಡೆಯಲು ಆಗುತ್ತಿಲ್ಲ, ನೀನು ಸಮಾಧಾನ ಮಾಡ್ಕೋ ಅಂತ ಆಂಡರ್ಸ್ ಗದರುತ್ತಾರೆ. ಹ್ಯಾಸಲ್‌ಬ್ಲಾಡ್ ಕ್ಯಾಮೆರಾ, 250 ಮಿ.ಮೀ. ಲೆನ್ಸ್, ಸೆಕೆಂಡಿನ 250ನೇ ಒಂದು ಭಾಗ, ಎಫ್ 11. ಕ್ಲಿಕ್. ಮೊದಲ ಕೂಗಿನಿಂದ ಇಲ್ಲಿಗೆ ಹೆಚ್ಚುಕಡಿಮೆ ಒಂದು ನಿಮಿಷ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನೌಕೆ ಸುತ್ತುತ್ತಿದ್ದದ್ದು ಚಂದ್ರನ ಸೊಂಟದ ಸುತ್ತ. ಉತ್ತರವನ್ನು ಮೇಲೆ ಇಟ್ಟುಕೊಂಡು ನೋಡಿದರೆ ಚಂದ್ರ ಬಲಕ್ಕೆ ಗೋಡೆಯ ಹಾಗೆ ನಿಲ್ಲುತ್ತಾನೆ, ಭೂಮಿ ಅದರ ಎಡಗಡೆ ಬರುತ್ತದೆ. ಆಂಡರ್ಸ್ ತಮ್ಮ ಮನೆಯಲ್ಲಿ ತೂಗಿಹಾಕಿಕೊಂಡದ್ದೂ ಹೀಗೇ, ಚಂದ್ರನನ್ನು ಬಲಕ್ಕಿಟ್ಟು. ಪತ್ರಿಕೆಗಳು, ಪೋಸ್ಟರಿನವರು ಅದನ್ನು ತಿರುಗಿಸಿದರು. ನೆಲ ಕೆಳಗೇ ಇರಬೇಕು ಅಂತ ನಮ್ಮ ಕಣ್ಣಿಗೆ ಅಭ್ಯಾಸ ಆಗಿದೆ ಅಲ್ವಾ? ಸೂರ್ಯ ಹುಟ್ಟಿದ ಹಾಗೆ ಭೂಮಿ ಹುಟ್ಟಬೇಕು. ಹಾಗಾಗಿ ನಿಮ್ಮ ಯಜಮಾನರ ಪಕ್ಷಕ್ಕೆ ಇಡೀ ಜಗತ್ತಿದೆ. ಮಗನ ಪಕ್ಷಕ್ಕೆ ಫೋಟೋ ತೆಗೆದವರೇ ಇದ್ದಾರೆ.

ನನಗೆ ಈ ಚಿತ್ರದ ಹುಚ್ಚು ಹಿಡಿದದ್ದೂ ಇದರಿಂದಲೇ. 1974ರ ಮಳೆಗಾಲ, ನನಗೆ ಹದಿಮೂರು ವರ್ಷ. ಕಾಲೇಜಿನ ಮೇಷ್ಟ್ರೊಬ್ಬರು ಇದೇ ಫೋಟೋ ತಂದರು. ಅಮೆರಿಕದಲ್ಲಿದ್ದ ಅವರ ಭಾವಮೈದ ಕಳಿಸಿದ್ದು. ಅಪ್ಪ ತೇಗದ ಕಟ್ಟು ಹಾಕಿ, ಕೊಂಡಿ ಬಡಿದು ಇಟ್ಟರು. ಸಂಜೆ ಮೇಷ್ಟ್ರು ಬಂದು ನೋಡಿ, "ಏನ್ರೀ ಇದು, ಚಂದ್ರನ್ನ ಗೋಡೆಗೆ ಒರಗಿಸಿಬಿಟ್ಟಿದ್ದೀರಲ್ಲ! ಇಷ್ಟೂ ಗೊತ್ತಾಗಲ್ವಾ?" ಅಂತ ಎಲ್ಲರ ಎದುರು ಬೈದರು. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಅಪ್ಪ, "ಅಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಅಂತ ನಾನೇನು ಹೋಗಿ ನೋಡಿದ್ದೀನಾ ಸ್ವಾಮಿ" ಅಂದರು. ಕೊಂಡಿ ಕಿತ್ತು ಬೇರೆ ಬದಿಗೆ ಬಡಿದುಕೊಟ್ಟರು. ಮಜೂರಿಯಲ್ಲಿ ಎಂಟಾಣೆ ಬಿಟ್ಟರು. ಅಪ್ಪ ಮೊದಲು ತೂಗಿದ್ದ ರೀತಿಯೇ ಆಂಡರ್ಸರ ಮನೆಯ ರೀತಿ ಅಂತ ನನಗೆ ಗೊತ್ತಾಗುವಷ್ಟರಲ್ಲಿ ಅಪ್ಪ ಇರಲಿಲ್ಲ.

ನಿಮಗೆ ಕಳಿಸಿದವರು ಎರಡೂ ಬದಿಗೆ ಕೊಂಡಿ ಹಾಕಿದ್ದಾರೆ ಅಂದರೆ ವಿಷಯ ಬಲ್ಲವರೇ. ಆರು ತಿಂಗಳು ಹೀಗೆ, ಆರು ತಿಂಗಳು ಹಾಗೆ ತೂಗಿ. ಮನೆಯಲ್ಲಿ ಶಾಂತಿ ಇರುತ್ತದೆ.

ತರಗತಿಯ ಗೋಡೆಗೆ ಈ ಚಿತ್ರ ಹಾಕಿಸಿದ್ದೇನೆ. ಮಕ್ಕಳು ದಿನಾ ಒಂದೇ ಪ್ರಶ್ನೆ ಕೇಳುತ್ತಾರೆ: ಇದರಲ್ಲಿ ಇಂಡಿಯಾ ಎಲ್ಲಿದೆ ಸಾರ್?
— ಶಾಲಾ ಶಿಕ್ಷಕ, ರಾಣೆಬೆನ್ನೂರು

ಕತ್ತಲಲ್ಲಿದೆ ಮೇಷ್ಟ್ರೇ.

ಫೋಟೋ ತೆಗೆದಾಗ ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತು ಗಂಟೆ ಹತ್ತು ನಿಮಿಷದ ಹತ್ತಿರ. ಚಿತ್ರದಲ್ಲಿ ಭೂಮಿಯ ಮುಕ್ಕಾಲು ಭಾಗ ಬೆಳಗಿದೆ, ಕಾಲು ಭಾಗ ಕಪ್ಪು. ಬೆಳಕು-ಕತ್ತಲಿನ ಗೆರೆ ಆಫ್ರಿಕದ ಮೇಲೆ ಹಾದುಹೋಗುತ್ತದೆ. ಅಲ್ಲಿ ಆಗ ಸಂಜೆ. ನಾವು ಅದಕ್ಕಿಂತ ಪೂರ್ವಕ್ಕೆ, ಕಪ್ಪಿನ ಅಂಚಿನಲ್ಲಿ. ಅಮೆರಿಕದವರಿಗೆ ಹಗಲೇನೋ ಇತ್ತು, ಆದರೆ ಎರಡೂ ಅಮೆರಿಕ ಮೋಡದ ಕೆಳಗೆ ಮುಚ್ಚಿಹೋಗಿವೆ. ಚಂದ್ರನನ್ನು ಕೆಳಗಿಟ್ಟು ತೂಗಿದ್ದರೆ ದಕ್ಷಿಣ ಧ್ರುವ ಎಡಗಡೆ ಬಿಳಿಯ ಭಾಗದಲ್ಲಿ ಬರುತ್ತದೆ. ಅಂದರೆ ಭೂಮಿ ಮಗ್ಗುಲಾಗಿ ಮಲಗಿದೆ. ಮಕ್ಕಳಿಗೆ ಖಂಡಗಳ ಗುರುತು ಸಿಗದಿರೋದಕ್ಕೆ ಇದೂ ಒಂದು ಕಾರಣ.

ಮಕ್ಕಳಿಗೆ ಇನ್ನೊಂದು ವಿಷಯ ಹೇಳಿ. ಅವತ್ತು ಶುಕ್ಲಪಕ್ಷದ ಪಂಚಮಿಯ ಆಸುಪಾಸು. ಪಂಚಮಿಯ ಚಂದ್ರ ರಾತ್ರಿ ಹತ್ತರ ಹೊತ್ತಿಗೆ ಮುಳುಗುತ್ತಾನೆ. ಅಲ್ಲಿ ಆಂಡರ್ಸ್ ಕಣ್ಣಿಗೆ ಭೂಮಿ ಹುಟ್ಟುತ್ತಿದ್ದಾಗ, ನಮ್ಮೂರಿನ ಪಡುವಣದಲ್ಲಿ ಚಂದ್ರ ಮುಳುಗುತ್ತಿದ್ದ. ರಾಣೆಬೆನ್ನೂರಿನಲ್ಲಿ ಯಾರಾದರೂ ಅಂಗಳಕ್ಕೆ ಬಂದು ಪಶ್ಚಿಮಕ್ಕೆ ನೋಡಿದ್ದರೆ ಆ ಮೂವರ ಕಡೆಗೇ ನೋಡಿದಂತಿತ್ತು.

ಇಂಡಿಯಾ ಇರುವ ಚಿತ್ರವೇ ಬೇಕಾದರೆ ಇನ್ನೊಂದಿದೆ. ಅದು 1972ರ ಡಿಸೆಂಬರ್ 7ರಂದು ಅಪೋಲೋ 17 ತೆಗೆದದ್ದು. ಪೂರ್ತಿ ದುಂಡಗೆ, ನೀಲಿ ಗೋಲಿಯ ಹಾಗೆ ಕಾಣುವ ಭೂಮಿ. ಅಂಗಡಿಗೆ ಬರುವ ಹತ್ತರಲ್ಲಿ ಆರು ಜನ ಇದನ್ನೇ ತಂದು, ಚಂದ್ರನಿಂದ ತೆಗೆದದ್ದು ಅಂತಾರೆ. ಅಲ್ಲ. ಅದನ್ನು ತೆಗೆದಾಗ ಅವರಿನ್ನೂ ಭೂಮಿಯಿಂದ ಸುಮಾರು 29,000 ಕಿ.ಮೀ. ದೂರದಲ್ಲಿದ್ದರು. ಚಂದ್ರ ಇರೋದು ಅದರ ಹತ್ತು ಪಟ್ಟಿಗಿಂತ ದೂರ. ನಡುವೆ ಆಫ್ರಿಕ, ಮಡಗಾಸ್ಕರ್, ಮೇಲೆ ಅರೇಬಿಯ. ಬಲಗಡೆ ಮೇಲಿನ ಅಂಚಿಗೆ ಕಣ್ಣು ಹಾಯಿಸಿದರೆ ಮೋಡದ ಒಂದು ಸುರುಳಿ ಕಾಣುತ್ತದೆ. ಆ ವಾರ ತಮಿಳುನಾಡಿಗೆ ಅಪ್ಪಳಿಸಿದ ಚಂಡಮಾರುತ ಅದು. ಗುರುತು ಹೇಳೋದಕ್ಕೆ ನಮ್ಮ ಕಡೆಯದು ಇಷ್ಟೇ. ಅಂದಹಾಗೆ, ಆ ಚಿತ್ರದಲ್ಲೂ ಮೊದಲು ದಕ್ಷಿಣ ಧ್ರುವ ಮೇಲೆ ಇತ್ತು. ಅದನ್ನೂ ತಿರುಗಿಸಿಯೇ ಅಚ್ಚು ಹಾಕಿದರು.

ಆಕಾಶ ಪೂರ್ತಿ ಕಪ್ಪು, ಒಂದು ನಕ್ಷತ್ರವೂ ಇಲ್ಲ. ಸ್ಟುಡಿಯೋದಲ್ಲಿ ತೆಗೆದದ್ದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?
— ನಿವೃತ್ತ ನೌಕರ, ತುಮಕೂರು

ಸ್ವಾಮಿ, ನಾನೂ ಸ್ಟುಡಿಯೋ ನಡೆಸಿದವನೇ. ರಾತ್ರಿ ಜಾತ್ರೆಯಲ್ಲಿ ದೀಪ ಹಚ್ಚಿದ ತೇರಿನ ಫೋಟೋ ತೆಗೆಯಿರಿ. ತೇರು ಚೆನ್ನಾಗಿ ಬಂದಿದ್ದರೆ ಹಿಂದಿನ ಆಕಾಶದಲ್ಲಿ ನಕ್ಷತ್ರ ಇರುವುದಿಲ್ಲ. ನಕ್ಷತ್ರ ಬರಬೇಕು ಅಂತ ಶಟರ್ ಹತ್ತು ಸೆಕೆಂಡು ತೆರೆದಿಟ್ಟರೆ ತೇರು ಬೆಳ್ಳಗೆ ಸುಟ್ಟುಹೋಗುತ್ತದೆ. ಚಂದ್ರನ ನೆಲ, ಭೂಮಿಯ ಮೋಡ ಎರಡಕ್ಕೂ ಸುಡು ಬಿಸಿಲು ಬಿದ್ದಿತ್ತು. ಸೆಕೆಂಡಿನ 250ನೇ ಒಂದು ಭಾಗದಲ್ಲಿ ಯಾವ ನಕ್ಷತ್ರ ಫಿಲ್ಮಿಗೆ ಇಳಿಯುತ್ತದೆ? ನಕ್ಷತ್ರ ಕಂಡಿದ್ದರೆ ನಾನೂ ನಿಮ್ಮ ಜೊತೆ ಅನುಮಾನ ಪಡುತ್ತಿದ್ದೆ.

ವಾಸ್ತು ಪ್ರಕಾರ ಈ ಚಿತ್ರವನ್ನು ಯಾವ ದಿಕ್ಕಿಗೆ ಹಾಕಬೇಕು?
— ಹೆಸರು ಬೇಡ ಎಂದವರು, ದಾವಣಗೆರೆ

ಕಿಟಕಿಯ ಎದುರಿಗೆ ಬೇಡ. ಉಳಿದದ್ದು ನಿಮ್ಮ ಪುರೋಹಿತರನ್ನು ಕೇಳಿ. ಕಿಟಕಿ ಯಾಕೆ ಬೇಡ ಅಂತ ಮುಂದಿನ ಉತ್ತರದಲ್ಲಿದೆ.

ನಾಲ್ಕು ವರ್ಷದ ಹಿಂದೆ ಕಟ್ಟು ಹಾಕಿಸಿದ ಚಿತ್ರ. ಈಗ ಮೂಲೆಯಲ್ಲಿ ಫೋಟೋ ಗಾಜಿಗೆ ಅಂಟಿಕೊಂಡು ಎಣ್ಣೆ ಬಿದ್ದ ಹಾಗೆ ಕಾಣುತ್ತಿದೆ. ಹಿಂದಿನ ಹಲಗೆಯಲ್ಲಿ ಬೂಷ್ಟು. ಕೀಳಬಹುದಾ? ಹೊಸದು ಮಾಡಿಸಿದರೆ ಹೇಗೆ ಮಾಡಿಸಲಿ?
— ಅಡಿಕೆ ಬೆಳೆಗಾರ, ಶಿರಸಿ

ಕೀಳಬೇಡಿ. ಫೋಟೋ ಕಾಗದದ ಮೇಲೆ ಜಿಲೆಟಿನ್ ಪದರ ಇರುತ್ತದೆ. ತೇವ ಕುಡಿದರೆ ಅದು ಅಂಟಿನ ಹಾಗೆ ಆಗುತ್ತದೆ, ಒಣಗಿದಾಗ ಗಾಜನ್ನು ಹಿಡಿದುಬಿಡುತ್ತದೆ. ಎಳೆದರೆ ಚಿತ್ರ ಗಾಜಿಗೆ, ಕಾಗದ ನಿಮ್ಮ ಕೈಗೆ. ಮನೆಯವರ ಹಳೆಯ ಫೋಟೋ ಆಗಿದ್ದರೆ ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ ಅನ್ನುತ್ತಿದ್ದೆ. ಇದನ್ನು ಹೊಸದಾಗಿ ಪ್ರಿಂಟ್ ಹಾಕಿಸಿದರೆ ಆಯಿತು.

ನಿಮ್ಮದೂ ನಮ್ಮದೂ ಒಂದೇ ಮಳೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಫೋಟೋಗೂ ಗಾಜಿಗೂ ನಡುವೆ ಗಾಳಿ ಇರಲಿ. ಅದಕ್ಕೇ ಮೌಂಟ್ ಬೋರ್ಡ್ ಇರೋದು. ಸುತ್ತ ಬಿಳಿ ಅಂಚು ಅಂದಕ್ಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಂದ ಆಮೇಲಿನದು, ಗಾಜು ಫೋಟೋಗೆ ತಾಗದಿರಲಿ ಅನ್ನೋದೇ ಅದರ ಮುಖ್ಯ ಕೆಲಸ. ಹುಳಿ ಇಲ್ಲದ, ಅಂದರೆ ಆಸಿಡ್-ಫ್ರೀ ಬೋರ್ಡ್ ಕೇಳಿ. ಅಗ್ಗದ್ದು ಐದಾರು ವರ್ಷದಲ್ಲಿ ಹಳದಿ ತಿರುಗಿ ಫೋಟೋದ ಅಂಚನ್ನೂ ಹಾಳುಮಾಡುತ್ತದೆ. ಹಿಂದೆ ಸಾದಾ ಹಾರ್ಡ್‌ಬೋರ್ಡ್ ಬೇಡ, ಅದು ರೊಟ್ಟಿ ಸಾರು ಕುಡಿದ ಹಾಗೆ ತೇವ ಕುಡಿಯುತ್ತದೆ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಹಿಂದುಗಡೆ ರಬ್ಬರ್ ತುಂಡು ಅಂಟಿಸಿ. ಹವಾಯಿ ಚಪ್ಪಲಿಯ ತುಂಡಾದರೂ ಸಾಕು. ಆಗ ಪಟಕ್ಕೂ ಗೋಡೆಗೂ ನಡುವೆ ಬೆರಳಿನಷ್ಟು ಜಾಗ ಉಳಿದು ಗಾಳಿ ಆಡುತ್ತದೆ. ಮಳೆ ಬಡಿಯುವ ಗೋಡೆಯ ಒಳಮೈಗಂತೂ ಯಾವ ಪಟವನ್ನೂ ಹಾಕಬೇಡಿ, ದೇವರ ಪಟವನ್ನೂ ಹಾಕಬೇಡಿ.

ಇನ್ನು ಈ ಚಿತ್ರಕ್ಕೇ ಅಂತ ಇರುವ ಒಂದು ಕಷ್ಟ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಕಪ್ಪು. ಕಪ್ಪಿನ ಮೇಲೆ ಗಾಜು ಹಾಕಿದರೆ ಅದು ಕನ್ನಡಿ. ಎದುರಿಗೆ ಕಿಟಕಿಯೋ ಟ್ಯೂಬ್‌ಲೈಟೋ ಇದ್ದರೆ ಭೂಮಿ ಕಾಣಿಸುವುದಿಲ್ಲ, ನಿಮ್ಮ ಮುಖ ಕಾಣಿಸುತ್ತದೆ. ನಮ್ಮೂರಿನ ಒಬ್ಬ ಡಾಕ್ಟರು ಕ್ಲಿನಿಕ್ಕಿನಲ್ಲಿ ಇಂಥದ್ದು ಹಾಕಿಸಿದ್ದರು. ಅದರ ಮುಂದೆ ನಿಂತು ಪೇಷಂಟುಗಳು ತಲೆ ಬಾಚಿಕೊಳ್ಳುತ್ತಿದ್ದರು! ಹೊಳಪು ಹೊಡೆಯದ ಗಾಜು ಸಿಗುತ್ತದೆ, ದುಬಾರಿ. ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಗಾಜೇ ಬೇಡ, ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ. ಎರಡರಲ್ಲಿ ಒಂದು ಆರಿಸು ಅಂದರೆ ನಾನು ಗಾಜಿಗೇ ಹೋಗುತ್ತೇನೆ. ಲ್ಯಾಮಿನೇಷನ್ನಿನಲ್ಲಿ ಕಪ್ಪು ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗುತ್ತದೆ. ಈ ಚಿತ್ರದಲ್ಲಿ ಕಪ್ಪು ಕಪ್ಪಾಗಿಯೇ ಇರಬೇಕು.

ಇಂಟರ್‌ನೆಟ್ಟಿನಿಂದ ಇಳಿಸಿ ನಾವೇ ಪ್ರಿಂಟ್ ಹಾಕಿಸಬಹುದಾ? ಕೇಸು ಗೀಸು ಆಗುತ್ತದಾ? ಎಷ್ಟು ದೊಡ್ಡದು ಮಾಡಬಹುದು?
— ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ಕೇಸು ಆಗುವುದಿಲ್ಲ. ನಾಸಾದ ಫೋಟೋಗಳಿಗೆ ಸಾಮಾನ್ಯವಾಗಿ ಕಾಪಿರೈಟ್ ಇಲ್ಲ, ಮನೆಗೆ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಹಳೆಯ ಅಪೋಲೋ ಫಿಲ್ಮನ್ನು ಹ್ಯೂಸ್ಟನ್‌ನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಇಟ್ಟಿದ್ದಾರೆ. ಅದರ ದೊಡ್ಡ ಸ್ಕ್ಯಾನುಗಳು ಬಿಟ್ಟಿಯಾಗಿಯೇ ಸಿಗುತ್ತವೆ. ಅದನ್ನೇ ಇಳಿಸಿಕೊಳ್ಳಿ. ವಾಟ್ಸಾಪಿನಲ್ಲಿ ಬಂದದ್ದನ್ನು ತರಬೇಡಿ, ದಮ್ಮಯ್ಯ. ಲೆಕ್ಕ ಸುಲಭ. ಗೋಡೆಗೆ ಹಾಕುವ ಪ್ರಿಂಟಿಗೆ ಇಂಚಿಗೆ 200 ಚುಕ್ಕಿ ಬೇಕು. 1,000 ಚುಕ್ಕಿಯ ವಾಟ್ಸಾಪ್ ಚಿತ್ರ ಐದು ಇಂಚಿಗೆ ಸಾಕಾಯಿತು. ಇಪ್ಪತ್ತು ಇಂಚಿಗೆ 4,000 ಬೇಕು.

ಇನ್ನೊಂದು ವಿಷಯ. ಆಂಡರ್ಸ್ ತೆಗೆದ ಚೌಕದ ಫಿಲ್ಮಿನಲ್ಲಿ ಭೂಮಿ ಇರೋದು ಬಟಾಣಿ ಕಾಳಿನಷ್ಟು, ಸುಮಾರು 8 ಮಿ.ಮೀ. ಸುತ್ತ ಎಲ್ಲ ಕಪ್ಪು. ನೀವು ನೋಡಿರುವ ಪೋಸ್ಟರುಗಳಲ್ಲಿ ಆ ಕಪ್ಪನ್ನು ಕತ್ತರಿಸಿ ಭೂಮಿಯನ್ನು ಹಿಗ್ಗಿಸಿರುತ್ತಾರೆ. ಒಂದು ಸಲ ಪೂರ್ತಿ ಚೌಕವನ್ನೇ ಪ್ರಿಂಟ್ ಹಾಕಿಸಿ ನೋಡಿ. ನನಗೆ ಅದೇ ಇಷ್ಟ.

ಲ್ಯಾಬಿನವರಿಗೆ ಮರೆಯದೆ "ಕರೆಕ್ಷನ್ ಬೇಡ" ಅಂತ ಹೇಳಿ. ಇಷ್ಟೊಂದು ಕಪ್ಪು ಕಂಡರೆ ಮೆಷಿನ್ನು ಫೋಟೋ ಕತ್ತಲಾಗಿದೆ ಅಂದುಕೊಂಡು ತಾನೇ ಬೆಳಕು ಏರಿಸುತ್ತದೆ. ಆಗ ಆಕಾಶ ಬೂದಿ, ಮೋಡ ಸುಣ್ಣ. ಚಂದ್ರನ ನೆಲದ ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದೊಂದು ಪ್ರಿಂಟಿನಲ್ಲಿ ಒಂದೊಂದು ಕಂದು ಬರುತ್ತದೆ. ನೆಲದ ನಿಜವಾದ ಬಣ್ಣ ಪ್ರಿಂಟಿನಷ್ಟು ಗಾಢ ಇರಲಾರದು ಅಂತ ನಾಸಾದವರೇ ಆಗ ಬರೆದಿದ್ದರು.

ನಾನು ಚಂದ್ರನ ಮೇಲೆ ಮನೆ ಕಟ್ಟಿಕೊಂಡರೆ ದಿನಾ ಬೆಳಿಗ್ಗೆ ಭೂಮಿ ಹುಟ್ಟೋದು ಕಾಣುತ್ತಾ?
— ಎಂಟನೇ ತರಗತಿ ವಿದ್ಯಾರ್ಥಿನಿ, ಕೊಪ್ಪಳ

ಕಾಣೋದಿಲ್ಲ ಪುಟ್ಟಿ. ಬೇಜಾರು ಮಾಡ್ಕೋಬೇಡ.

ತುಳಸಿಕಟ್ಟೆಗೆ ಮುಖ ಕೊಟ್ಟುಕೊಂಡೇ ಅದರ ಸುತ್ತ ಒಂದು ಸುತ್ತು ಬಾ. ಹಿಂದಿನ ಬಾವಿ, ಹಟ್ಟಿ, ಮನೆ ಎಲ್ಲ ಬದಲಾಗುತ್ತಾ ಹೋಗುತ್ತವೆ. ತುಳಸಿ ಮಾತ್ರ ನಿನ್ನ ಮೂಗಿನ ಮುಂದೆಯೇ ಇರುತ್ತದೆ. ಚಂದ್ರ ಭೂಮಿಯನ್ನು ಸುತ್ತೋದು ಹೀಗೆ, ಯಾವಾಗಲೂ ಒಂದೇ ಮುಖ ತೋರಿಸುತ್ತಾ. ಹಾಗಾಗಿ ನಿನ್ನ ಮನೆಯ ಮೇಲೆ ಭೂಮಿ ಆಕಾಶದಲ್ಲಿ ಒಂದೇ ಕಡೆ ಮೊಳೆ ಹೊಡೆದ ಪಟದ ಹಾಗೆ ನಿಂತಿರುತ್ತದೆ. ಸ್ವಲ್ಪ ಅತ್ತಿತ್ತ ತೂಗುತ್ತದೆ, ಅಷ್ಟೇ. ಚಂದ್ರನ ಅಂಚಿನಲ್ಲಿ, ನಮಗೆ ಕಾಣುವ ಮುಖ ಮುಗಿಯುವಲ್ಲಿ ಸೈಟು ತಗೊಂಡರೆ ಆ ತೂಗಾಟಕ್ಕೇ ಭೂಮಿ ನಿಧಾನಕ್ಕೆ ಇಣುಕಿ ಮತ್ತೆ ಮುಳುಗೋದು ಕಾಣಬಹುದು. ಆಂಡರ್ಸ್‌ಗೆ ಭೂಮಿ ಹುಟ್ಟಿದ್ದು ಯಾಕೆ ಗೊತ್ತಾ? ಅವರ ನೌಕೆ ಚಂದ್ರನ ಹಿಂದಿನಿಂದ ಓಡಿ ಬರುತ್ತಿತ್ತು.

ಆದರೆ ನೀನು ನೋಡುವ ಭೂಮಿ ನಮಗೆ ಕಾಣುವ ಚಂದ್ರನಿಗಿಂತ ಅಗಲದಲ್ಲಿ ಮೂರೂವರೆ ಪಟ್ಟಿಗಿಂತ ದೊಡ್ಡದು. ನಮಗೆ ಅಮಾವಾಸ್ಯೆ ಆದ ದಿನ ನಿನಗೆ ಹುಣ್ಣಿಮೆ ಭೂಮಿ. ಅದು ನಿಂತಲ್ಲೇ ತಿರುಗುತ್ತಾ ಇರುತ್ತದೆ. ಬೆಳಿಗ್ಗೆ ಆಫ್ರಿಕ ಕಂಡರೆ ಸ್ವಲ್ಪ ಹೊತ್ತಿಗೆ ಅಮೆರಿಕ. ಕೊಪ್ಪಳ ಬಂದಾಗ ಕೈ ಬೀಸು.

ಚಂದ್ರನಿಂದ ಭೂಮಿಯ ಮೊದಲ ಫೋಟೋ ಇದೇನಾ? ನಮ್ಮ ಇಸ್ರೋ ತೆಗೆದದ್ದು ಇಲ್ಲವಾ? ಇದ್ದರೆ ಅದಕ್ಕೇ ಕಟ್ಟು ಹಾಕಿಸುತ್ತೇನೆ.
— ಓದುಗ, ಬೆಂಗಳೂರು

ಮೊದಲನೆಯದು ಇದಲ್ಲ. 1966ರ ಆಗಸ್ಟ್ 23ರಂದು ಲೂನಾರ್ ಆರ್ಬಿಟರ್ 1 ಅನ್ನುವ ನೌಕೆ ಕಪ್ಪು-ಬಿಳುಪಿನಲ್ಲಿ ತೆಗೆದದ್ದು ಮೊದಲನೆಯದು. ಅದರಲ್ಲಿ ಮನುಷ್ಯರಿರಲಿಲ್ಲ. ನನ್ನಂಥ ಡಾರ್ಕ್‌ರೂಮಿನವನಿಗೆ ಆ ನೌಕೆಯ ಕಥೆ ಕೇಳಿದರೆ ಮೈ ಜುಂ ಅನ್ನುತ್ತದೆ. ಅದರೊಳಗೆ ಫಿಲ್ಮ್ ರೋಲ್ ಇತ್ತು. ಫೋಟೋ ತೆಗೆದ ಮೇಲೆ ಅಲ್ಲೇ, ಚಂದ್ರನನ್ನು ಸುತ್ತುತ್ತಲೇ, ಫಿಲ್ಮ್ ತೊಳೆಯಬೇಕಿತ್ತು. ತೂಕವಿಲ್ಲದ ಜಾಗದಲ್ಲಿ ಟ್ರೇಯಲ್ಲಿ ಡೆವಲಪರ್ ತುಂಬಿಸಿಡೋಕೆ ಆಗುತ್ತದೆಯೇ? ಅದಕ್ಕೆ ಔಷಧ ಹೀರಿದ ಒದ್ದೆ ಪಟ್ಟಿಯೊಂದನ್ನು ಫಿಲ್ಮಿಗೆ ಒತ್ತಿ ತೊಳೆಯುತ್ತಿದ್ದರು. ಒಣಗಿದ ಮೇಲೆ ಒಂದೊಂದೇ ಗೆರೆಯಾಗಿ ಓದಿ ರೇಡಿಯೋದಲ್ಲಿ ಕಳಿಸುತ್ತಿತ್ತು. ನಾನು ಸಾಗರದಲ್ಲಿ ಕರೆಂಟು ಹೋದರೆ ಒಂದು ರೋಲ್ ತೊಳೆಯಲು ಒದ್ದಾಡುತ್ತಿದ್ದೆ! ಆ ಸಿಗ್ನಲ್ಲಿನ ಟೇಪುಗಳು ಹಾಗೇ ಉಳಿದಿದ್ದವು. 2008ರಲ್ಲಿ ಕ್ಯಾಲಿಫೋರ್ನಿಯಾದ ಕೆಲವರು ಮುಚ್ಚಿಹೋಗಿದ್ದ ಒಂದು ಮೆಕ್‌ಡೊನಾಲ್ಡ್ಸ್ ಕಟ್ಟಡದಲ್ಲಿ ಹಳೆಯ ಟೇಪ್ ಯಂತ್ರಗಳನ್ನು ರಿಪೇರಿ ಮಾಡಿ, ಆ ಚಿತ್ರವನ್ನು ಮೊದಲಿಗಿಂತ ಎಷ್ಟೋ ಚೆನ್ನಾಗಿ ಹೊರತೆಗೆದರು. ಕಟ್ಟು ಹಾಕಿಸಲು ಅದು ಬಹಳ ಒಳ್ಳೆಯ ಚಿತ್ರ. ತೆಳ್ಳನೆಯ ಕಪ್ಪು ಕಟ್ಟು, ಅಗಲ ಮೌಂಟು.

ಇಸ್ರೋದ ವಿಷಯಕ್ಕೆ ಬಂದರೆ, 2009ರ ಜುಲೈ 22ರಂದು ಚಂದ್ರಯಾನ-1 ಚಂದ್ರನ ಸುತ್ತಿನಿಂದ ಭೂಮಿಯ ಚಿತ್ರ ತೆಗೆದಿತ್ತು. ನಮ್ಮಲ್ಲಿ ಸೂರ್ಯಗ್ರಹಣ ಆದ ದಿನ ಅದು. ಉಪಕರಣ ನಾಸಾದ್ದು, ನೌಕೆ ನಮ್ಮದು. ಚಿತ್ರದಲ್ಲಿ ಕಾಣೋದು ಆಸ್ಟ್ರೇಲಿಯ. ಆ ಉಪಕರಣ ಇದ್ದದ್ದು ಚಂದ್ರನ ಮಣ್ಣಿನ ಖನಿಜ ಪತ್ತೆಮಾಡಲು, ಹಾಗಾಗಿ ಚಿತ್ರ ಗೋಡೆಗೆ ಹಾಕಿಸುವಷ್ಟು ದೊಡ್ಡದಾಗಿ ಹಿಗ್ಗುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ, ಸೂರ್ಯನನ್ನು ನೋಡಲು ಹೊರಟ ಆದಿತ್ಯ-ಎಲ್1 ನೌಕೆ ದಾರಿಯಲ್ಲಿ ತೆಗೆದದ್ದರಲ್ಲಿ ಭೂಮಿ ದೊಡ್ಡದಾಗಿ, ಚಂದ್ರ ಚುಕ್ಕಿಯಾಗಿ ಒಟ್ಟಿಗೆ ಇವೆ. ಅದು ಚಂದ್ರನಿಂದ ತೆಗೆದದ್ದಲ್ಲ, ನೋಡೋಕೆ ಚೆನ್ನಾಗಿದೆ. ನೀವು ಬೆಂಗಳೂರಿನವರೇ ಆಗಿದ್ದರಿಂದ ಒಂದು ಭಾನುವಾರ ಬ್ಯಾಲಾಳು ಕಡೆ ಹೋಗಿ ಬನ್ನಿ. ಚಂದ್ರಯಾನ-1ಕ್ಕೆಂದು ಕಟ್ಟಿದ 32 ಮೀಟರ್ ಅಗಲದ ಆಂಟೆನಾ ಅಲ್ಲಿದೆ. ಒಳಗೆ ಬಿಡುವುದಿಲ್ಲ, ದೂರದಿಂದ ಕಂಡರೂ ಸಾಕು. ಅಂದಹಾಗೆ, ಚಂದ್ರಯಾನ-3 ಇಳಿದದ್ದೂ ಆಗಸ್ಟ್ 23ಕ್ಕೇ. ಲೂನಾರ್ ಆರ್ಬಿಟರಿನ ಆ ಫೋಟೋಗೆ ಅವತ್ತು ಸರಿಯಾಗಿ 57 ವರ್ಷ.

ಇಲ್ಲಿ ಹಳೇ ಸಾಮಾನಿನ ಮಾರಾಟದಲ್ಲಿ ಈ ಫೋಟೋದ ಹಳೆಯ ಪ್ರಿಂಟ್ ಸಿಕ್ಕಿತು. ಬಣ್ಣ ಸ್ವಲ್ಪ ಕೆಂಪಾಗಿದೆ. ಬಿಳಿ ಅಂಚಿನಲ್ಲಿ ಕೆಂಪು ಅಕ್ಷರದ ನಂಬರ್ ಇದೆ. ಅಂಚು ಕತ್ತರಿಸಿ ಕಟ್ಟು ಹಾಕಿಸಲಾ?
— ಟೆಕ್ಸಾಸ್‌ನಲ್ಲಿರುವ ಕನ್ನಡಿಗ

ಕತ್ತರಿ ಕೆಳಗಿಡಿ!

ಆ ಕಾಲದಲ್ಲಿ ನಾಸಾ ಹಂಚುತ್ತಿದ್ದ ಕಲರ್ ಪ್ರಿಂಟುಗಳ ಗುರುತೇ ಆ ಕೆಂಪು ನಂಬರು. ಈ ಚಿತ್ರದ್ದಾದರೆ ಎಎಸ್8-14-2383 ಅಂತ ಇರಬೇಕು. ಅಪೋಲೋ 8, 14 ಅನ್ನುವ ನಂಬರಿನ ರೋಲು, ಆಮೇಲೆ ಚಿತ್ರದ ಸಂಖ್ಯೆ. ಹಿಂಬದಿಯನ್ನು ಓರೆ ಬೆಳಕಿಗೆ ಹಿಡಿದು ನೋಡಿ, ಮಸುಕಾಗಿ ಕೊಡಕ್ ಕಾಗದದ ಹೆಸರು ಸಾಲುಸಾಲಾಗಿ ಕಾಣಬೇಕು. ಎರಡೂ ಇದ್ದರೆ ಹರಾಜಿನವರ ಹತ್ತಿರ ಒಮ್ಮೆ ತೋರಿಸಬಹುದು. ಇಂಥವನ್ನು ಕೂಡಿಹಾಕುವವರಿದ್ದಾರೆ. ಕೆಂಪಾಗಿರೋದು ವಯಸ್ಸಿಗೆ, ಆ ಕಾಲದ ಕಲರ್ ಕಾಗದವೆಲ್ಲ ಹಾಗೇ. ಮತ್ತೆ ಬಣ್ಣ ತರುತ್ತೇವೆ ಅನ್ನುವವರ ಕೈಗೆ ಕೊಡಬೇಡಿ. ಅಂಚು, ನಂಬರು ಎಲ್ಲ ಕಾಣುವ ಹಾಗೆ ಮೌಂಟ್ ಕತ್ತರಿಸಲು ಹೇಳಿ. ಅಂಟು ಹಚ್ಚದೆ ಮೂಲೆ ಹಿಡಿಕೆಯಲ್ಲಿ ಕೂರಿಸಲಿ. ಬಿಸಿಲು ಬೀಳದ ಜಾಗದಲ್ಲಿ ಹಾಕಿ.

ಮೇಷ್ಟ್ರು ತಂದ ಫೋಟೋದಲ್ಲೂ ಬಿಳಿ ಅಂಚು ಇತ್ತು, ಅದರಲ್ಲಿ ಕೆಂಪು ಅಕ್ಷರ ಇದ್ದವು. ಆಗ ನಮ್ಮ ಅಂಗಡಿಯ ಪದ್ಧತಿ ಅಂಚು ಕತ್ತರಿಸೋದು. ಎಲ್ಲ ಫೋಟೋಗೂ ಅಷ್ಟೇ. ಅಂಚು ಹೋದ ಚಿತ್ರ ಅಪ್ಪನ ಮೇಜಿಗೆ ಬಂತು. ಕಪ್ಪು ಆಕಾಶ, ಒಂದು ಕಡೆ ಕಂದು ನೆಲ. ಯಾವ ಬದಿ ಮೇಲೆ ಅಂತ ಹೇಳುವ ಒಂದು ಅಕ್ಷರವೂ ಅದರ ಮೇಲೆ ಉಳಿದಿರಲಿಲ್ಲ. ಅಕ್ಷರ ಇದ್ದಿದ್ದರೆ ಅದು ನೆಟ್ಟಗೆ ಓದುವ ಹಾಗೆ ಅಪ್ಪ ಕೊಂಡಿ ಹಾಕುತ್ತಿದ್ದರು, ಬೈಸಿಕೊಳ್ಳುತ್ತಿರಲಿಲ್ಲ. ಸಂಜೆ ಕಸ ಗುಡಿಸುವಾಗ ಆ ಪಟ್ಟಿ ಮೇಜಿನ ಕೆಳಗೇ ಬಿದ್ದಿತ್ತು. ನಾನು ಯಾರಿಗೂ ಹೇಳದೆ ಬುಟ್ಟಿಗೆ ಹಾಕಿದೆ. ಮಧ್ಯಾಹ್ನ ಅದನ್ನು ಕತ್ತರಿಸಿದ್ದವನು ನಾನೇ.